ಬೀಡು ಗುತ್ತುಗಳು ಮತ್ತು ಊರಿನ ಹಕ್ಕು

ಉದ್ಯಾವರದ ಹೊಳೆಯ ಇಕ್ಕೆಲಗಳಿಂದ ಮೊದಲ್ಗೊಂಡು ಕಾಪು, ಕಟಪಾಡಿಗಳನ್ನು ಹಾದು ಮೂಡಣಕ್ಕೆ ಕಾರ್ಕಳ ಸೀಮೆಯವರೆಗೆ ಹಬ್ಬಿರುವ ಗ್ರಾಮಗಳಲ್ಲಿ ಬೀಡು, ಗುತ್ತು, ಬರ್ಕೆ ಎಂಬ ಹೆಸರುಗಳುಳ್ಳ ದೊಡ್ಡ ಮನೆಗಳನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಆ ಮನೆಗಳ ಪೈಕಿ ಕೆಲವು ಇಂದಿಗೂ ದೀಪ ಹೊತ್ತಿಸಿಕೊಂಡು ನಿಂತಿವೆ. ಕೆಲವು ದೈವದ ನೇಮದ ದಿವಸಗಳಲ್ಲಿ ಮಾತ್ರ ಬಾಗಿಲು ತೆರೆಯುತ್ತವೆ. ಉಳಿದವು ಒಂದೊಂದು ಮಳೆಗಾಲಕ್ಕೆ ಒಂದೊಂದು ಗೋಡೆಯನ್ನು ಕಳೆದುಕೊಳ್ಳುತ್ತಿವೆ. ಇಲ್ಲವೆ ಕಂಬ ಕಂಬವಾಗಿ, ತೊಲೆ ತೊಲೆಯಾಗಿ ಮಾರಾಟವಾಗಿ ದೂರದ ನಗರಗಳ ಹೋಟೆಲುಗಳಿಗೂ ವಿಹಾರಧಾಮಗಳಿಗೂ ಅಲಂಕಾರವಾಗುತ್ತಿವೆ. ಈ ವಿಷಯದಲ್ಲಿ ನಮ್ಮ ಮಹಾಜನರಲ್ಲಿ ಎರಡು ಅಭಿಪ್ರಾಯಗಳು ಕೇಳಬರುತ್ತವೆ. ಒಕ್ಕಲುಗಳ ಬೆವರಿನಿಂದ ಎದ್ದ ಮನೆಗಳು ಬಿದ್ದರೆ ಬೀಳಲಿ ಎಂಬುದು ಒಂದು. ಪೂರ್ವಿಕರ ವೈಭವವು ಹಾಳಾಯಿತಲ್ಲಾ ಎಂಬ ನಿಟ್ಟುಸಿರು ಇನ್ನೊಂದು. ಇವೆರಡೂ ಅರ್ಧ ಸತ್ಯಗಳೆಂಬುದು ನಮ್ಮ ಅಭಿಪ್ರಾಯ. ಈ ಮನೆಗಳು ಕೇವಲ ಐಶ್ವರ್ಯದ ಬಲದಿಂದ ನಿಂತವುಗಳಲ್ಲ. ಊರಿನ ಯಾವುದಾದರೊಂದು ಕಾರ್ಯವನ್ನು ನಡೆಯಿಸುತ್ತಿದ್ದುದರಿಂದ ನಿಂತವು. ಆ ಕಾರ್ಯವು ತಪ್ಪಿದಲ್ಲಿ ಅವು ಬರಿಯ ಸೊತ್ತುಗಳಾದವು. ಸೊತ್ತಾದುದು ಪಾಲಾಯಿತು, ಪಾಲಾದುದು ಮಾರಾಟಕ್ಕೆ ಬಂದಿತು. ಮುಂದೆ ಅವು ಉಳಿಯಬೇಕಾದರೂ ಊರಿನ ಕಾರ್ಯದಿಂದಲೇ ಉಳಿಯಬೇಕು.

ಅಧಿಕಾರದ ಮನೆಗಳ ಗತಿಯೇನಾಗುತ್ತದೆಂಬುದನ್ನು ತಿಳಿಯಬಯಸುವವರಿಗೆ ಉದ್ಯಾವರಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಾಗಿಲ್ಲ. ಇಂದು ಉಡುಪಿಯ ತೆಂಕಣ ಮಗ್ಗುಲಿನಲ್ಲಿ ಹೆದ್ದಾರಿಯ ಊರಾಗಿ ಕಾಣುವ ಈ ಗ್ರಾಮವು ಶಾಸನಗಳ ಉದಯಪುರ. ತುಳುನಾಡನ್ನಾಳಿದ ಆಳುಪರ ರಾಜಧಾನಿ. ಇಲ್ಲಿಯ ಎಂಟನೆಯ ಶತಮಾನದ ವೀರಗಲ್ಲುಗಳನ್ನು ಜರ್ಮನಿಯ ವಿದ್ವಾಂಸರಾದ ಹುಲ್ಟ್ಜರು ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ ಎಂಬ ಅರಸರ ಕಾಲದಲ್ಲಿ ಇದೇ ಪಟ್ಟಣಕ್ಕಾಗಿ ನಡೆದ ಕಲಹಗಳಲ್ಲಿ ಮಡಿದ ಭಟರ ಹೆಸರುಗಳು ಆ ಕಲ್ಲುಗಳಲ್ಲಿವೆ. ಮುಂದೆ ಅರಸೊತ್ತಿಗೆಯು ಮಂಗಳೂರು, ಬಾರಕೂರುಗಳಿಗೆ ಸರಿಯಿತು. ಅರಸನು ಓಲಗಗೊಟ್ಟ ಚಾವಡಿ ಎಲ್ಲಿಯದೆಂದು ಇಂದು ಯಾರೂ ಕೈಯೆತ್ತಿ ತೋರಿಸುವಂತಿಲ್ಲ. ಅದಕ್ಕಾಗಿ ಪ್ರಾಣ ಕೊಟ್ಟವನ ಕಲ್ಲು ಮಾತ್ರ ಉಳಿಯಿತು. ಊರಿನವರು ಅದನ್ನು ಊರಿನ ಸ್ಮರಣೆಯೆಂದು ದೇವಾಲಯದ ಆವರಣದಲ್ಲಿ ಇರಗೊಟ್ಟುದರಿಂದ ಉಳಿಯಿತು. ಮಣ್ಣು ಮರಗಳ ಕಟ್ಟಡಕ್ಕೆ ನಮ್ಮ ಕರಾವಳಿಯ ಮಳೆಗಿಂತ ದೊಡ್ಡ ಶತ್ರುವಿಲ್ಲ. ಮನುಷ್ಯನು ಪ್ರತಿವರ್ಷವೂ ಮಾಡು ಹತ್ತಿ ಕೈಯಾಡಿಸುತ್ತಿದ್ದರೆ ಮಾತ್ರ ಅದು ಬಾಳುತ್ತದೆ.

ಅರಸರ ಚಾವಡಿಗಳು ಅಳಿದ ಮೇಲೆ ಸೀಮೆಯ ಆಡಳಿತವು ಬಲ್ಲಾಳ, ಹೆಗ್ಗಡೆ, ಸಾವಂತ ಮುಂತಾದ ಬಿರುದುಗಳುಳ್ಳ ಮನೆತನಗಳ ಬೀಡುಗಳಲ್ಲಿಯೂ, ಗ್ರಾಮದ ಆಡಳಿತವು ಗುತ್ತುಗಳಲ್ಲಿಯೂ ನೆಲೆಗೊಂಡಿತು. ಗುತ್ತಿನ ಯಜಮಾನನಾಗುವವನು ‘ಗಡಿ ಹಿಡಿಯು’ವುದೆಂಬ ಸಂಸ್ಕಾರಕ್ಕೆ ಒಳಗಾಗಬೇಕಾಗಿತ್ತು; ಅದು ಗೌರವವೂ ಹೌದು, ಹೊಣೆಯೂ ಹೌದು. ಮನೆಯ ರಚನೆಯನ್ನು ನೋಡಿದರೆ ಆ ಹೊಣೆಯ ಸ್ವರೂಪವು ತಿಳಿಯುತ್ತದೆ. ಎದುರಿನಲ್ಲಿ ಕಂಬಳದ ಗದ್ದೆ. ಅಂಗಳದಲ್ಲಿ ಬೈಹುಲ್ಲಿನಿಂದ ಬಿಗಿದು ಭತ್ತವನ್ನು ಕಾಪಿಡುವ ತುಪ್ಪೆ. ಹಲಸಿನ ಮರದ ಕೆತ್ತನೆಯ ಕಂಬಗಳನ್ನುಳ್ಳ ಚಾವಡಿ. ಒಳಗೆ ದೈವದ ಮಂಚವೂ ಭಂಡಾರವೂ ಇರುವ ಕೋಣೆ. ಹಿತ್ತಿಲಿನಾಚೆ ಕೊಡಲಿ ತಾಗದ ನಾಗಬನ. ಅದರ ಮಗ್ಗುಲಿಗೆ ಕೆರೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಅನುಕೂಲವನ್ನನುಸರಿಸಿ ವಿಂಗಡಿಸಲ್ಪಟ್ಟ ಗದ್ದೆಗಳಿಗೆ ನೀರು ಬಿಡುವ ಸರದಿ, ಗಡಿತಕರಾರು, ಹೆಣ್ಣುಗಂಡಿನ ವ್ಯಾಜ್ಯ, ಕಳವಿನ ದೂರು ಇವೆಲ್ಲವೂ ಚಾವಡಿಯಲ್ಲಿ ತೀರ್ಮಾನವಾಗುತ್ತಿದ್ದುವು. ಅಲ್ಲಿ ತೀರದುದು ನೇಮದ ಕಾಲದಲ್ಲಿ ದೈವದ ಸನ್ನಿಧಿಗೆ ಬರುತ್ತಿತ್ತು. ವರ್ಷವಿಡೀ ಊರಿಗೆ ಅಪ್ಪಣೆ ಕೊಡುತ್ತಿದ್ದ ಯಜಮಾನನು ಆ ಒಂದು ರಾತ್ರಿ, ಪಂಬದ, ಪರವ, ನಲಿಕೆ ಮೊದಲಾದ ಸಮಾಜಗಳವರು ಕಟ್ಟಿದ ದೈವದೆದುರು ಕೈಮುಗಿದು ನಿಂತು ಬುದ್ಧಿವಾದವನ್ನು ಕೇಳಬೇಕಾಗಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಸತ್ಯಕ್ಕೆ ಅಪಚಾರವೆಸಗಿದಂತಾಗುವುದು. ಆ ಚಾವಡಿಯ ನ್ಯಾಯವು ಎಲ್ಲರಿಗೂ ಸಮನಾಗಿರಲಿಲ್ಲ. ಗದ್ದೆಯನ್ನು ಉತ್ತವರಲ್ಲಿ ‘ಮೂಲದಾಳು’ಗಳೆಂದು ಭೂಮಿಯೊಂದಿಗೆ ಕಟ್ಟುಬಿದ್ದ ಕುಟುಂಬಗಳಿದ್ದುವು. ಗುಲಾಮಗಿರಿಗೆ ನ್ಯಾಯಾಲಯಗಳಲ್ಲಿ ಮನ್ನಣೆಯಿಲ್ಲವೆಂದು 1843ರ 5ನೆಯ ಕಾಯಿದೆಯು ಸಾರಿದ ಬಳಿಕವೂ, ಸಾಲದ ಹೆಸರಿನಲ್ಲಿ ಆ ಕಟ್ಟು ಎಷ್ಟೋ ಕಾಲ ಮುಂದುವರಿಯಿತು. ಕಂಬವನ್ನು ಹೊತ್ತು ತಂದವರು, ಮಣ್ಣನ್ನು ತುಳಿದು ಗೋಡೆಯೆಬ್ಬಿಸಿದವರು, ಕಣಜವನ್ನು ತುಂಬಿಸಿದವರು ಜಗಲಿಯ ಮೆಟ್ಟಲನ್ನೇರುವಂತಿರಲಿಲ್ಲ. ಬೀಡುಗಳ ಸೊಬಗನ್ನು ವರ್ಣಿಸುವ ಲೇಖನಗಳಲ್ಲಿ ಈ ಸಂಗತಿಯು ಕಾಣಸಿಗುವುದು ಅಪರೂಪ. ಅದಿಲ್ಲದ ಚರಿತ್ರೆಯು ಚರಿತ್ರೆಯಲ್ಲ. ಆದರೆ ಇದರಿಂದ ಹುಟ್ಟುವ ತೀರ್ಮಾನವೇನು? ಮನೆಯು ಬೀಳಬೇಕೆಂಬುದಲ್ಲ, ಆ ಮನೆಯಲ್ಲಿ ಕಟ್ಟಿದವರಿಗೂ ಪಾಲಿದೆಯೆಂಬುದು. ಹಣಗೊಟ್ಟವನ ಹೆಸರು ಮಾತ್ರ ಕಟ್ಟಡಕ್ಕೆ ಅಂಟಿಕೊಳ್ಳುವುದು ಲೋಕದ ವಾಡಿಕೆ. ಕೆತ್ತಿದ ಆಚಾರಿಯ ಹೆಸರನ್ನೂ ಹೊತ್ತ ಆಳಿನ ಹೆಸರನ್ನೂ ಮರೆತವರು, ಇಂದು ಅದೇ ಕಂಬವನ್ನು ಮಾರಿದ ಹಣದಲ್ಲಿ ಅವರ ಸಂತತಿಗೆ ಪಾಲು ಕೊಡುವರೇ?

ಬೀಡುಗಳ ಮೊದಲನೆಯ ಪರಿವರ್ತನೆಯು ಕಂಪೆನಿಯ ಆಡಳಿತದೊಂದಿಗೆ ಬಂದಿತು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ತರುವಾಯ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರರಾಗಿ ಬಂದ ಥಾಮಸ್ ಮನ್ರೋ ಅವರು, ಇಲ್ಲಿಯ ಭೂಮಿಯು ಪೂರ್ವಕಾಲದಿಂದಲೂ ಖಾಸಗಿ ಸ್ವತ್ತಾಗಿರುವುದನ್ನು ಕಂಡು ವರದಿಮಾಡಿದರು. ಹಳೆಯ ತೀರ್ವೆಯ ಪ್ರಮಾಣವನ್ನು ಅರಿಯಲು ಅವರಿಗೆ ನೆರವಾದುವುಗಳಲ್ಲಿ ನಮ್ಮ ಕಪ್ಪು ಕಡತಗಳೂ ಸೇರಿದ್ದುವು. ಮೂಲವರ್ಗ, ಮೂಲಗೇಣಿ, ಚಾಲಗೇಣಿಗಳೆಂಬ ಹಕ್ಕುಗಳು ಸರಕಾರದ ದಫ್ತರಗಳಲ್ಲಿ ಗಟ್ಟಿಯಾದುವು. ವರ್ಗದಾರನಿಗೆ ವರ್ಗದ ಮೇರೆಯಿಂದ ನೂರು ಗಜದವರೆಗಿನ ಕುಮ್ಕಿಯ ಸೌಕರ್ಯವೂ ದೊರೆಯಿತು. ಆದರೆ ನ್ಯಾಯತೀರ್ಮಾನವು ಚಾವಡಿಯಿಂದ ಮುನ್ಸೀಫರ ಕೋರ್ಟಿಗೆ ಹೋಯಿತು. ಕಾವಲು ಪೋಲೀಸಿಗೆ, ಲೆಕ್ಕ ಶಾನುಭೋಗನಿಗೆ. ಆಳುವ ಕರ್ತವ್ಯವು ಹೋಗಿ ಗೇಣಿಯ ಆದಾಯವು ಮಾತ್ರ ಉಳಿದುದರಿಂದ, ಬೀಡು ಆಡಳಿತದ ಪೀಠವೆಂಬುದು ತಪ್ಪಿ ಜಮೀನ್ದಾರನ ವಾಸಗೃಹವಾಯಿತು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹುಲ್ಲಿನ ಮಾಡುಗಳಿಗೆ ಕೆಂಪು ಹಂಚು ಬಂದಿತು. ಮನೆಯು ಹೊರಗೆ ಇನ್ನಷ್ಟು ಶೋಭಿಸಿತು. ಒಳಗಿನ ಕಾರ್ಯವು ಕುಗ್ಗುತ್ತ ನಡೆಯಿತು. ಚಾಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕು ಇರಲಿಲ್ಲವಾದುದರಿಂದ, ಹಿಂದೆ ಕಷ್ಟಕಾಲದಲ್ಲಿ ತುಪ್ಪೆಯಿಂದ ಭತ್ತವನ್ನು ಅಳೆದುಕೊಡುತ್ತಿದ್ದ ಮನೆಯೇ ಬಾಕಿಗಾಗಿ ಒಕ್ಕಲೆಬ್ಬಿಸುವ ದಾವೆಯನ್ನು ಹೂಡುವುದೂ ಸಾಧ್ಯವಾಯಿತು.

ಆದರೂ ಆ ಮನೆಗಳು ಒಡೆಯದೆ ಉಳಿದುದಕ್ಕೆ ಅಳಿಯಸಂತಾನದ ಕಟ್ಟಳೆಯೇ ಮುಖ್ಯ ಕಾರಣ. ಸ್ವತ್ತು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು; ಯಜಮಾನನು ಕುಟುಂಬದ ಪರವಾಗಿ ಅದನ್ನು ನೋಡಿಕೊಳ್ಳುವವನು ಮಾತ್ರ; ಒಬ್ಬನು ಬಯಸಿದನೆಂದು ಪಾಲು ಕೇಳುವಂತಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ವಾರಸು ಕಾಯಿದೆಯು ವ್ಯಕ್ತಿಯ ಹಕ್ಕನ್ನು ಇನ್ನೂ ಮುಂದಕ್ಕೊಯ್ದಿತು. ಅದೇ ವರ್ಷ ಜಿಲ್ಲೆಯು ಮದ್ರಾಸನ್ನು ಬಿಟ್ಟು ಕನ್ನಡನಾಡಿನ ರಾಜ್ಯವನ್ನು ಸೇರಿತು. ಕೊನೆಯದಾಗಿ, ದೇವರಾಜ ಅರಸರ ಸರಕಾರವು ತಿದ್ದಿದ ಭೂಸುಧಾರಣೆಯ ಕಾಯಿದೆಯು 1974ನೆಯ ಮಾರ್ಚಿ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು. ಒಕ್ಕಲುಗಳು 7ನೆಯ ನಮೂನೆಯ ಅರ್ಜಿಯನ್ನು ಹಿಡಿದು ಭೂನ್ಯಾಯಮಂಡಲಿಯ ಮುಂದೆ ನಿಂತರು. ಗೇಣಿಯು ಬಲವಾಗಿ ಬೇರೂರಿದ್ದ ಈ ಜಿಲ್ಲೆಯಲ್ಲಿ ಸಾವಿರಾರು ಕುಟುಂಬಗಳು ತಾವು ಉತ್ತ ಗದ್ದೆಗೆ ತಾವೇ ಒಡೆಯರಾದುವು. ಇದು ನಮ್ಮ ನಾಡಿನ ಸ್ವಾತಂತ್ರ್ಯದ ಅತ್ಯಂತ ಸಾರ್ಥಕವಾದ ಫಲಗಳಲ್ಲೊಂದು. ಬೀಡುಗಳ ಮೇಲಿನ ಮಮತೆಯಿಂದ ಈ ಕಾರ್ಯವನ್ನು ಹಳಿಯುವವರೊಡನೆ ನಾವು ಸೇರಲಾರೆವು. ಉತ್ತವನ ಮನೆಯಲ್ಲಿ ಒಲೆ ಉರಿಯುವುದಕ್ಕಿಂತ ಚಾವಡಿಯ ದೀಪವು ಹೆಚ್ಚಿನದಲ್ಲ.

ಆದರೆ ಕಾನೂನು ಗದ್ದೆಯ ಪ್ರಶ್ನೆಯನ್ನು ಬಿಡಿಸಿತೇ ಹೊರತು ಮನೆಯ ಪ್ರಶ್ನೆಯನ್ನಲ್ಲ. ಮುಡಿಗಟ್ಟಲೆ ಅಕ್ಕಿಯು ಬರುತ್ತಿದ್ದ ಮನೆಗೆ ಹಂಚು ಹೊದೆಯಿಸುವಷ್ಟು ವರಮಾನವೂ ಉಳಿಯಲಿಲ್ಲ. ಹತ್ತಾರು ಕವರುಗಳಿಗೆ ಪಾಲಿರುವ ಚಾವಡಿಯನ್ನು ದುರಸ್ತಿಮಾಡಿಸುವವರು ಯಾರು? ಕುಟುಂಬದ ತರುಣರು ಮುಂಬಯಿ, ಬೆಂಗಳೂರು, ಕೊಲ್ಲಿದೇಶಗಳಿಗೆ ಹೋದರು. ಮನೆಯಲ್ಲಿ ಮುದುಕರಿಬ್ಬರು, ಇಲ್ಲವೆ ಬೀಗ. ಇಂಥ ಸಮಯದಲ್ಲಿ ಮರದ ವ್ಯಾಪಾರಿಯು ಬಂದು ಒಂದು ಮೊತ್ತವನ್ನು ಹೇಳಿದರೆ, ಬೇಡವೆನ್ನುವುದು ಸುಲಭವಲ್ಲ. 1972ರ ಪ್ರಾಚೀನವಸ್ತು ಕಾಯಿದೆಯು ನೂರು ವರ್ಷಕ್ಕೆ ಮೇಲ್ಪಟ್ಟ ಕೆತ್ತನೆಯ ಕಂಬವು ದೇಶದ ಹೊರಗೆ ಹೋಗದಂತೆ ತಡೆಯಬಲ್ಲುದು; ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದನ್ನು ತಡೆಯುವಷ್ಟು ಕೈ ಅದಕ್ಕಿಲ್ಲ. ಮೇಲಾಗಿ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ದಾರಿಯು ತೆರೆಯಿತು. ಒಕ್ಕಲಿನ ಕೈಗೆ ಬಂದ ಗದ್ದೆಗೂ, ಅದರ ಮಗ್ಗುಲಿನ ಬೀಡಿಗೂ ಒಬ್ಬನೇ ಹೊರನಾಡಿನ ಧನಿಕನು ಗಿರಾಕಿಯಾಗುವ ಕಾಲವು ದೂರವಿಲ್ಲ. ಹಾಗಾದಲ್ಲಿ ಹಳೆಯ ಜಮೀನ್ದಾರಿಯು ಹೊಣೆಗಳಿಲ್ಲದೆ ಹಿಂದಿರುಗಿದಂತಾಗುವುದು.

ಅಳಿಯುತ್ತಿದ್ದ ಮನೆಗಳಿಗಾಗಿ ನಿಜವಾಗಿ ದುಡಿದವರನ್ನು ಸ್ಮರಿಸದಿದ್ದರೆ ಕೃತಘ್ನತೆಯಾಗುವುದು. ಬ್ಯಾಂಕಿನ ನೌಕರರಾಗಿದ್ದ ಮಣಿಪಾಲದ ವಿಜಯನಾಥ ಶೆಣೈ ಅವರು (1934–2017), ಕೆಡಹಲ್ಪಡುತ್ತಿದ್ದ ಮನೆಗಳ ತೊಲೆ ಕಂಬಗಳನ್ನು ಕೊಂಡು, ಒಂದೊಂದಕ್ಕೂ ಗುರುತು ಹಾಕಿ ಬಿಚ್ಚಿಸಿ ತಂದು, ಮಣಿಪಾಲದಲ್ಲಿ ಮರಳಿ ಜೋಡಿಸಿದರು. ಮಿಯಾರಿನ ಮನೆ, ಹರ್ಕೂರಿನ ಒಳಗಿನ ಮನೆ, ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರು ಮಂಟಪ ಇವು ಅವರ ಹಸ್ತಶಿಲ್ಪದ ಗ್ರಾಮದಲ್ಲಿ ಇಂದು ನೋಡಲು ದೊರೆಯುತ್ತವೆ. ಸರಕಾರಗಳು ಮಾಡದುದನ್ನು ಒಬ್ಬ ಗೃಹಸ್ಥರು ಮಾಡಿ ತೋರಿಸಿದರು. ಅವರು ಉಳಿಸದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದುವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಚಾವಡಿಯನ್ನು ಹೊತ್ತು ತರಬಹುದು. ಅದರೆದುರಿನ ಕಂಬಳಗದ್ದೆಯನ್ನು, ಹಿಂದಿನ ನಾಗಬನವನ್ನು, ಕೆರೆಯ ನೀರನ್ನು, ನೇಮದ ರಾತ್ರಿ ಸೇರುವ ಊರನ್ನು ಹೊತ್ತು ತರಲಾದೀತೇ? ನೆಲದ ಮೇಲಿದ್ದಾಗ ಊರಿನ ಜೀವನಕ್ಕೆ ಸಾಕ್ಷಿಯಾಗಿದ್ದ ಮನೆಯು ಸಂಗ್ರಹಾಲಯದಲ್ಲಿ ಶಿಲ್ಪದ ಮಾದರಿಯಾಗುತ್ತದೆ.

ನಿಂತ ನೆಲದಲ್ಲಿಯೇ ಹೊಸ ಬಾಳನ್ನು ಕಂಡ ಮನೆಗಳೂ ನಮ್ಮ ನಾಡಿನಲ್ಲಿವೆ. ಕುಡುಮದ ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿಗಳು ಅತಿಥಿಗಳಾಗಿ ಬಂದ ಧರ್ಮದೈವಗಳಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರೆಂಬುದು ಐತಿಹ್ಯ. ಆ ಬೀಡು ಇಂದಿಗೂ ಧರ್ಮಸ್ಥಳದಲ್ಲಿದೆ. ಆ ಕ್ಷೇತ್ರದ ಹೆಸರಿನ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ನಮ್ಮ ಉದ್ಯಾವರದ ಕುತ್ಪಾಡಿಯಲ್ಲಿ ರೋಗಿಗಳಿಗೆ ಬಾಗಿಲು ತೆರೆದಿವೆ. ನೆರೆಯ ಕಟಪಾಡಿಯಲ್ಲಿ ಮೂಡು-ಪಡು ಜೋಡುಕರೆ ಕಂಬಳವು ಇಂದಿಗೂ ಬೀಡಿನ ಹೆಸರಿನಿಂದಲೇ ನಡೆಯುತ್ತದೆ. ಮೂಲ್ಕಿ ಸೀಮೆಯ ಅರಸು ಕಂಬಳದ ವಿಷಯದಲ್ಲಿಯೂ ಇದೇ ಮಾತು. 2016ರಲ್ಲಿ ಉಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಕಂಬಳಗಳು ನಿಂತಾಗ ಬೀದಿಗಿಳಿದವರು ಬೀಡಿನ ಒಡೆಯರು ಮಾತ್ರವಲ್ಲ, ಊರಿನ ಜನಸಾಮಾನ್ಯರು; 2017ರಲ್ಲಿ ರಾಜ್ಯದ ಕಾಯಿದೆಯು ತಿದ್ದುಪಡಿಯಾಗಿ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೂಡುಬಿದಿರೆಯಲ್ಲಿ ಚೌಟರ ವಂಶಸ್ಥರು ಹಿರಿಯರ ಅರಮನೆಯಲ್ಲಿ ವಾಸಮಾಡಿಕೊಂಡೇ, ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯ ಕಂಬಗಳನ್ನು ನೋಡಬಂದವರಿಗೆ ತೋರಿಸುತ್ತ ಬಂದಿದ್ದಾರೆ. ಈ ಮೂರರಲ್ಲಿಯೂ ಸಾಮಾನ್ಯವಾಗಿರುವುದು ಒಂದೇ: ಮನೆಯು ಕುಟುಂಬದ್ದಾಗಿದ್ದುಕೊಂಡೇ ಊರಿಗೆ ಬೇಕಾದುದಾಗಿದೆ.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಪ್ರಭುಗಳ ಹಳ್ಳಿಗಾಡಿನ ಮಹಾಸೌಧಗಳು ತೆರಿಗೆಯ ಭಾರದಿಂದ ಕುಸಿಯತೊಡಗಿದಾಗ, 1895ರಲ್ಲಿ ಸ್ಥಾಪಿತವಾಗಿದ್ದ ‘ನ್ಯಾಶನಲ್ ಟ್ರಸ್ಟ್’ ಎಂಬ ಸಂಸ್ಥೆಯು ಅವುಗಳನ್ನು ವಹಿಸಿಕೊಳ್ಳಬೇಕೆಂದು 1934ರಲ್ಲಿ ಸೂಚಿಸಿದವರು ಲಾರ್ಡ್ ಲೋಥಿಯನ್. ಇವರೇ 1932ರಲ್ಲಿ ಮತಾಧಿಕಾರ ಸಮಿತಿಯ ಅಧ್ಯಕ್ಷರಾಗಿ ಭಾರತಕ್ಕೆ ಬಂದಿದ್ದವರು. 1937ರಲ್ಲಿ ಅದಕ್ಕೆ ಬೇಕಾದ ಕಾನೂನಾಯಿತು; 1940ರಲ್ಲಿ ಅವರು ತೀರಿಕೊಂಡಾಗ ಅವರ ಬ್ಲಿಕ್ಲಿಂಗ್ ಸೌಧವೇ ಆ ಸಂಸ್ಥೆಗೆ ಸೇರಿತು. ಅಲ್ಲಿಯ ನಿಯಮದ ತಿರುಳು ಇಷ್ಟೆ: ಕುಟುಂಬವು ಮನೆಯಲ್ಲಿ ವಾಸಿಸಬಹುದು, ತೆರಿಗೆಯ ಭಾರ ತಪ್ಪುವುದು, ಅದಕ್ಕೆ ಪ್ರತಿಯಾಗಿ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕು. ಆ ಏರ್ಪಾಡಿಗೆ ಒಳಪಡದ ನೂರಾರು ಸೌಧಗಳು ಮಹಾಯುದ್ಧದ ತರುವಾಯ ನೆಲಸಮವಾದುವು. ಆಂಗ್ಲರಿಂದ ನಾವು ಕಲಿತ ಎಷ್ಟೋ ನಿರರ್ಥಕ ಸಂಗತಿಗಳ ನಡುವೆ ಈ ಒಂದು ಒಳ್ಳೆಯದನ್ನು ಕಲಿಯದೆ ಬಿಟ್ಟೆವು.

ಖಾಸಗಿ ಮನೆಗಳಿಗೆ ಸಾರ್ವಜನಿಕರ ಹಣವೇಕೆಂದು ಕೇಳುವವರುಂಟು. ಯೋಗ್ಯವಾದ ಪ್ರಶ್ನೆಯೇ. ಊರಿಗೆ ಉಪಯೋಗವಿಲ್ಲದ ಮನೆಗೆ ಒಂದು ಕಾಸನ್ನೂ ಕೊಡಬಾರದೆಂದು ನಾವೂ ಹೇಳುತ್ತೇವೆ. ಆದರೆ ಚಾವಡಿಯನ್ನು ಗ್ರಂಥಾಲಯಕ್ಕೋ, ಬಾಲವಾಡಿಗೋ, ಯಕ್ಷಗಾನದ ಕಲಿಕೆಗೋ, ಊರಿನ ಸಭೆಗೋ ಬಿಟ್ಟುಕೊಡಲೊಪ್ಪುವ ಕುಟುಂಬಕ್ಕೆ ಮಾಡಿನ ದುರಸ್ತಿಗಾಗಿ ಸಹಾಯ ಮಾಡುವುದು ದಾನವಲ್ಲ, ವಿನಿಮಯ. ಹೊಸ ಕಟ್ಟಡವನ್ನು ಕಟ್ಟಿಸುವ ಖರ್ಚಿನೊಂದಿಗೆ ಹೋಲಿಸಿ ನೋಡಿದರೆ ಪಂಚಾಯತಿಗೂ ಇದರಲ್ಲಿ ನಷ್ಟ ಕಾಣದು. ಷರತ್ತು ಒಂದೇ ಇರಬೇಕು: ಹಿಂದೆ ಯಾರಿಗೆ ಜಗಲಿಯ ಮೆಟ್ಟಲು ನಿಷಿದ್ಧವಾಗಿತ್ತೋ ಅವರ ಮಕ್ಕಳು ಆ ಚಾವಡಿಯಲ್ಲಿ ಎಲ್ಲರ ಮಕ್ಕಳೊಂದಿಗೆ ಕುಳಿತುಕೊಳ್ಳಬೇಕು. ಆ ಷರತ್ತಿಗೆ ಒಪ್ಪದ ಮನೆಯು ಬೀಳುವುದಾದರೆ ನಮಗೆ ದುಃಖವಿಲ್ಲ.

ಆಗಬೇಕಾದ ಕೆಲಸವು ದೊಡ್ಡದೇನಲ್ಲ. 1997ರಲ್ಲಿ ಹೊಸದಾಗಿ ರಚಿತವಾದ ಉಡುಪಿ ಜಿಲ್ಲೆಯ ಅಧಿಕಾರಿಗಳು ತಾಲೂಕುವಾರು ಬೀಡು ಗುತ್ತುಗಳ ಪಟ್ಟಿಯನ್ನು ತಯಾರಿಸಬೇಕು. ಮನೆಯನ್ನು ಮಾತ್ರವಲ್ಲದೆ ಅದಕ್ಕೆ ಸೇರಿದ ಕೆರೆ, ಬನ, ಕಂಬಳಗದ್ದೆಗಳನ್ನೂ ಅದರಲ್ಲಿ ನಮೂದಿಸಬೇಕು. ಮನೆಗಳ ಅಟ್ಟಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಕಡತ, ಓಲೆ, ಗೇಣಿಚೀಟಿಗಳನ್ನು ನಮ್ಮ ಕಾಲೇಜುಗಳ ಅಧ್ಯಾಪಕರು ಪ್ರತಿಮಾಡಿಸಿ ಇಡಬೇಕು. ಒಕ್ಕಲುಗಳ, ಆಳುಗಳ ಹೆಸರುಗಳು ಉಳಿದಿರುವುದು ಆ ಕಾಗದಗಳಲ್ಲಿಯೇ. ಊರಿನ ಬಡವರ ಚರಿತ್ರೆಗೂ ಅವೇ ಆಧಾರ. ಕುಟುಂಬಗಳವರು ಬೇಕಾದುದೆಲ್ಲವನ್ನೂ ಪಾಲುಮಾಡಿಕೊಳ್ಳಲಿ. ಚಾವಡಿಯೊಂದನ್ನು ಮಾತ್ರ ಪಾಲಿನ ಹೊರಗಿಟ್ಟು ವಿಶ್ವಸ್ತ ಮಂಡಳಿಗೆ ವಹಿಸಲಿ. ಆ ಮಂಡಳಿಯಲ್ಲಿ ಹಿಂದಿನ ಒಕ್ಕಲುಗಳ ಮನೆಗಳವರಿಗೂ ಸ್ಥಾನವಿರಲಿ. ಕೊಲ್ಲಿದೇಶದಿಂದಲೂ ಮುಂಬಯಿಯಿಂದಲೂ ನೇಮದ ಖರ್ಚಿಗಾಗಿ ಲಕ್ಷಗಟ್ಟಲೆ ಕಳುಹಿಸುವ ಉದಾರಿಗಳು ಅದರ ಒಂದಂಶವನ್ನು ಮಾಡಿನ ಹಂಚಿಗೂ ಮೀಸಲಿಟ್ಟರೆ, ದೈವವೇನೂ ಕೋಪಿಸದು.

ಆಳುಪರ ಉದಯಪುರದಲ್ಲಿ ಅರಮನೆಯು ಅಳಿದುದಕ್ಕೆ ಇಂದಿನವರು ಹೊಣೆಯಲ್ಲ. ಆದರೆ ನಮ್ಮ ಕಣ್ಣೆದುರಿನಲ್ಲಿ ಬಿಚ್ಚಲ್ಪಡುತ್ತಿರುವ ಚಾವಡಿಗಳಿಗೆ ನಾವೆಲ್ಲರೂ ಹೊಣೆ: ಮಾರುವವರೂ, ಕೊಳ್ಳುವವರೂ, ನೋಡಿಕೊಂಡು ಸುಮ್ಮನಿರುವ ಅಧಿಕಾರಿಗಳೂ. ಗದ್ದೆಯನ್ನು ಉತ್ತವನಿಗೆ ಕೊಟ್ಟ ನಾಡು, ಮನೆಯನ್ನು ಕಟ್ಟಿದವರಿಗೂ ತೆರೆಯಿಸಬಲ್ಲುದು. ಮುಂದಿನ ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಗ್ರಾಮದ ಹಿರಿಯರೂ ತಮ್ಮ ಊರಿನ ಬೀಡಿನ ಅಂಗಳದಲ್ಲಿ ಒಂದು ಸಲ ಸೇರಿ, ಈ ಮನೆಯಿಂದ ಊರಿಗೆ ಆಗಬೇಕಾದುದೇನು, ಊರಿನಿಂದ ಈ ಮನೆಗೆ ಆಗಬೇಕಾದುದೇನು ಎಂಬುದನ್ನು ಆಲೋಚಿಸುವರೆಂದು ನಂಬುತ್ತೇವೆ.